ನಮ್ಮ ರೇಣುಕಾ ಮತ್ತೆ ಮಾತಾಡಿದಳು

ನನ್ನ ಮೊಮ್ಮಗಳು ರೇಣುಕಾಗೆ ಕೆಲಸ ಸಿಕ್ಕಿದೆ! ಪಾವಗಡದ ಆಸ್ಪತ್ರೆಯೊಂದರಲ್ಲಿ, ಬರುವ ರೋಗಿಗಳನ್ನು ಮಾತಾಡಿಸಿ ದಾರಿ ತೋರಿಸುವ ಕೆಲಸ. ಇವತ್ತೇ ಫೋನ್ ಬಂತು. ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವನು ನಾನು. ಆದರೂ ಇದನ್ನು ಬರೆಯದೆ ಇರಲಾರೆ.

ಯಾಕೆಂದರೆ ಹೋದ ಬೇಸಿಗೆಯಲ್ಲಿ ಅವಳ ದನಿಯೇ ನಿಂತುಹೋಗಿತ್ತು.

ಮಧುಗಿರಿಯ ಒಂದು ಫೈನಾನ್ಸ್ ಆಫೀಸಿಗೆ ಹೋಗುತ್ತಿದ್ದಳು. ಮೊದಲು ಬೆಳಿಗ್ಗೆ ಬಸ್ಸಿಗೆ ಹೊರಡುವಾಗ ವಾಂತಿ. ಆಮೇಲೆ ಗಂಟಲು ಕಟ್ಟಿತು. ಒಂದು ದಿನ ಬಾಯಿ ತೆರೆದರೆ ಬರೀ ಗಾಳಿ ಬಂತು. ದೃಷ್ಟಿ ತೆಗೆದು ಮೆಣಸಿನಕಾಯಿ ಸುಟ್ಟೆವು. ಘಾಟು ಬರಲಿಲ್ಲ. ದೃಷ್ಟಿಯೇ ಸರಿ ಎಂದು ನನ್ನ ಹೆಂಡತಿ ಖಾತ್ರಿ ಮಾಡಿಕೊಂಡಳು.

ಇಎನ್‌ಟಿ ಡಾಕ್ಟರಮ್ಮ ಸ್ಕೋಪ್ ಹಾಕಿ ನೋಡಿದರು. "ಗಂಟಲು ನಾರ್ಮಲ್ ಇದೆ ತಾತ," ಎಂದರು. ಅವಳ ಕಡೆ ತಿರುಗಿ, "ಆಫೀಸಲ್ಲಿ ಯಾರಾದ್ರೂ ಏನಾದ್ರೂ ಅಂತಾರೇನಮ್ಮ?" ಎಂದು ಕೇಳಿದರು. ರೇಣುಕಾ ಅಳುತ್ತಾ ಪಿಸುಗುಟ್ಟಿದಳು. ಅವಳ ತೆಲುಗು ಬೆರೆತ ಮಾತನ್ನು ಮ್ಯಾನೇಜರು ದಿನವೂ ಎಲ್ಲರ ಮುಂದೆ ಅಣಕಿಸಿ ನಗಿಸುತ್ತಿದ್ದನಂತೆ.

ಅದು ನಮ್ಮ ಮನೆಯ ಮಾತು.

ಕೆಲಸ ಬಿಡಿಸಿದೆವು. ಭಯ ಇಳಿಯಲು ಮಾತ್ರೆ, ದನಿಗೆ ಸ್ಪೀಚ್ ಥೆರಪಿ ಶುರುವಾಯಿತು. ಸ್ವಲ್ಪ ದನಿ ಬಂದ ಮೇಲೆ ಡಾಕ್ಟರಮ್ಮ ಒಬ್ಬ ಕೌನ್ಸೆಲರ್ ಹತ್ತಿರ ಕಳಿಸಿದರು. ಕೆಲಸದ ಜಾಗದಲ್ಲಿ ಇಂಥ ಕಾಟ ಅನುಭವಿಸಿದವರಿಗೆ ಮುಂದೆ ಯಾವ ಕೆಲಸ ಒಗ್ಗೀತು ಎಂದು ಜೊತೆಗೆ ಕೂತು ಯೋಚಿಸುವವರು ಆಕೆ. "ಚಿಕ್ಕವಳಿದ್ದಾಗ ಏನು ಮಾಡಿದ್ರೆ ಖುಷಿ ಆಗ್ತಿತ್ತು?" ಎಂದರು. ರೇಣುಕಾ ತಲೆ ತಗ್ಗಿಸಿದಳು. ನನಗೆ ತಡೆಯಲಾಗಲಿಲ್ಲ.

"ಮಾತಾಡ್ತಿದ್ಲು ಕಣಮ್ಮ! ಕೊಡಿಗೇನಹಳ್ಳೀಲಿ ನಮ್ಮಂಗಡಿ ಮೂಟೆ ಮ್ಯಾಲೆ ಕುಂತ್ಕಂಡು, ಬಂದೋರ್ನೆಲ್ಲ 'ಏಮವ್ವಾ, ಬಾಗುನ್ನಾವಾ' ಅಂತ ತೆಲುಗಲ್ಲಿ ಕಷ್ಟಸುಖ ಇಚಾರ್ಸೋಳು. ಸಾಮಾನು ಬ್ಯಾಡ್ದಿದ್ದೋರೂ ಇವಳ ಮಾತಿಗೇ ಬರೋರು."

ಹೇಳುತ್ತಾ ಹೇಳುತ್ತಾ ಆ ಕಾಲ ಕಣ್ಣಿಗೆ ಕಟ್ಟಿತು. ಕಡಲೆಕಾಯಿ ಎಣ್ಣೆಯ ವಾಸನೆ, ಹಿಂದೂಪುರದ ಬಸ್ಸಿಗೆ ಕಾಯುವ ಹೆಂಗಸರು, ಅವರ ನಡುವೆ ಲಂಗ ತೊಟ್ಟು ಕಾಲಾಡಿಸುತ್ತಾ ಕೂತ ಈ ಪುಟ್ಟಿ. ಎಷ್ಟು ಮಾತು, ಎಷ್ಟು ನಗು!

ರೇಣುಕಾ ತಲೆ ಎತ್ತಿದಳು.

ಕೌನ್ಸೆಲರ್ ನಕ್ಕರು. "ಪಾವಗಡದ ಆಸ್ಪತ್ರೆಗಳಿಗೆ ಎರಡೂ ಭಾಷೆಯೋರು ಬರ್ತಾರೆ ತಾತ. ಅಲ್ಲಿಗೆ ಇಂಥೋಳೇ ಬೇಕು." ಇಂಟರ್‌ವ್ಯೂಗೆ ಅಭ್ಯಾಸ ಮಾಡಿಸಿದರು. ಮತ್ತೆ ಯಾರಾದರೂ ಅಣಕಿಸಿದರೆ ಯಾರಿಗೆ ಹೇಳಬೇಕು ಎಂಬುದನ್ನೂ ಕಲಿಸಿದರು.

ಮಾತ್ರೆ ಇನ್ನೂ ನಿಂತಿಲ್ಲ. ಯಾರಾದರೂ ಗದರಿದರೆ ಈಗಲೂ ಬೆಚ್ಚುತ್ತಾಳೆ. ಆದರೂ ಇವತ್ತು ಸಂಜೆ ಮನೆಯವರೆಲ್ಲ ಮುದ್ದೆ, ಹುರುಳಿಕಾಳು ಸಾರಿಗೆ ಒಟ್ಟಿಗೆ ಕೂತಾಗ, ಇಂಟರ್‌ವ್ಯೂನಲ್ಲಿ ಏನು ಕೇಳಿದರು, ತಾನೇನಂದೆ ಎಂದು ಶುರುಮಾಡಿದವಳು ನಿಲ್ಲಿಸಲೇ ಇಲ್ಲ.

"ಮೊದ್ಲು ಉಣ್ಣೇ, ಮುದ್ದೆ ಆರೋಯ್ತದೆ," ಎಂದಳು ಅವಳ ಅಮ್ಮ.

"ಇರಮ್ಮೋ, ಇನ್ನೂ ಐತೆ!"

ನನ್ನ ಹೊಟ್ಟೆ ತುಂಬಿತ್ತು. ಏಳಲು ಮನಸ್ಸಾಗದೆ ಇನ್ನೊಂದು ಮುದ್ದೆ ಹಾಕಿಸಿಕೊಂಡೆ.