ಚೊಚ್ಚಲ ಹೆರಿಗೆಯ ಊರು

ಮದರಾಸಿನಲ್ಲಿ ನಾನು ಏನು ಓದುತ್ತಿದ್ದೇನೆ ಎಂಬುದನ್ನು ಹೊಸಪೇಟೆಯವರಿಗೆ ತಿಳಿಸಿ ಹೇಳಲು ನನ್ನಿಂದ ಕೊನೆಗೂ ಆಗಲಿಲ್ಲ. ವಕೀಲಿಕೆ ಅವರಿಗೆ ಗೊತ್ತಿತ್ತು, ಡಾಕ್ಟರಿಕೆ ಗೊತ್ತಿತ್ತು. ದೇಶದೇಶಗಳ ನಡುವಿನ ಕಾನೂನು, ಒಪ್ಪಂದ, ಗಡಿ, ರಾಯಭಾರ ಇವನ್ನೆಲ್ಲ ಓದುತ್ತೇನೆ ಎಂದರೆ ಚಿತ್ತವಾಡ್ಗಿಯ ನಮ್ಮ ಓಣಿಯವರು ಪಾಪ ಎನ್ನುವ ಹಾಗೆ ನೋಡುತ್ತಿದ್ದರು. “ಹಂಗಂದ್ರ ಯಾವ ಆಫೀಸ್ನಾಗ ಕೆಲಸ ಕೊಡ್ತಾರಪ್ಪ?” ಎಂದು ಒಬ್ಬರು ಕೇಳಿದರೆ, ಜಿನೀವಾ ಅಂದರೆ ಗುಂತಕಲ್ಲಿನ ಆಚೆಯೋ ಈಚೆಯೋ ಎಂದು ಕೇಳುವ ಮಹಾರಾಯರು ಇನ್ನೊಬ್ಬರು. ಆಗ ನನ್ನದು ಮಹಾ ಸಿಡುಕು ಸ್ವಭಾವ. ಉತ್ತರ ಕೊಡದೆ ಎದ್ದು ಒಳಗೆ ಹೋಗಿಬಿಡುತ್ತಿದ್ದೆ.

ಆದರೆ ಆ ಹುಚ್ಚು ನನಗೆ ಹತ್ತಿದ್ದು ಪುಸ್ತಕದಿಂದಲ್ಲ. ನಮ್ಮೂರಿನ ಸುತ್ತ ಮೂರು ಸರಕಾರಗಳಿದ್ದವು. ನಾವು ಇಂಗ್ಲಿಷರವರು. ಹಂಪಿಯ ಹೊಳೆ ದಂಡೆಯ ಮೇಲೆ ನಿಂತರೆ ಎದುರಿಗೆ ಕಾಣುವ ಆನೆಗೊಂದಿ ನಿಜಾಮರದು. ಈ ಕಡೆ ಗುಡ್ಡ ದಾಟಿದರೆ ಸಂಡೂರು, ಅಲ್ಲಿ ರಾಜರ ಆಳ್ವಿಕೆ. ಅಪ್ಪನದು ಅಕ್ಕಿ ವ್ಯಾಪಾರ. ಕಂಪ್ಲಿಯ ಗದ್ದೆಗಳ ಭತ್ತ ಕೊಂಡು ಅಕ್ಕಿ ಮಾಡಿಸಿ ಮಾರುತ್ತಿದ್ದ. ಅವನ ಜೊತೆ ಕಂಪ್ಲಿಗೆ ಹೋದಾಗಲೆಲ್ಲ ಹೊಳೆಯ ಆಚೆ ದಡದಲ್ಲಿ ನಿಜಾಮರ ಸುಂಕದ ಜವಾನ ಹರಗೋಲಿನಿಂದ ಇಳಿದವರ ಗಂಟುಗಳನ್ನು ಕೋಲಿನಿಂದ ತಿವಿದು ನೋಡುವುದು ಕಾಣುತ್ತಿತ್ತು. ಈಚೆ ದಡದಲ್ಲಿ ಬರೀ ಬೆಲ್ಲವಾಗಿದ್ದದ್ದು ಆಚೆ ದಡದಲ್ಲಿ ಯಾಕೆ ಅಪರಾಧವಾಗುತ್ತದೆ ಎಂದು ನಾನು ಕೇಳಿದರೆ ಅಪ್ಪ, “ಸುಮ್ನ ಬಾರಲೇ, ತಲಿ ತಿನ್ನಬ್ಯಾಡ” ಎನ್ನುತ್ತಿದ್ದ. ಆ ಪ್ರಶ್ನೆಗೆ ಮದರಾಸಿನಲ್ಲಿ ಒಂದು ಇಡೀ ವಿಷಯವೇ ಇದೆ ಎಂದು ತಿಳಿದ ದಿನ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಇತಿಹಾಸ ಮತ್ತು ರಾಜ್ಯಶಾಸ್ತ್ರದ ಆನರ್ಸ್ ತರಗತಿಯಲ್ಲಿ ಅದು ಒಂದು ಪೇಪರು. ನಾನು ಮಾತ್ರ ಉಳಿದುದೆಲ್ಲ ಬಿಟ್ಟು ಅದನ್ನೇ ತಲೆಯ ಮೇಲೆ ಹೊತ್ತು ತಿರುಗಿದೆ. ಬೆಳಿಗ್ಗೆ ಪುದುಚೇರಿಯ ಒಬ್ಬ ಮುದುಕರ ಮನೆಗೆ ಹೋಗಿ ಫ್ರೆಂಚ್ ಕಲಿಯುತ್ತಿದ್ದೆ. ನನ್ನ ಉಚ್ಚಾರ ಕೇಳಿ ಅವರು ಕಿವಿ ಮುಚ್ಚಿಕೊಳ್ಳುತ್ತಿದ್ದರು. ಜಿನೀವಾದಲ್ಲಿ ಲೋಕದ ದೇಶಗಳೆಲ್ಲ ಕೂಡುವ ಸಭೆಯೊಂದಿತ್ತು. ಅಲ್ಲಿಯ ಕಚೇರಿಗೆ ಬೇಕಾಗುವ ವಿದ್ಯೆ ಕಲಿಯಲು ನಮ್ಮ ವಿಭಾಗದಿಂದ ಒಬ್ಬ ಹುಡುಗನನ್ನು ಸರಕಾರದ ಖರ್ಚಿನಲ್ಲಿ ಕಳಿಸುವವರಿದ್ದರು. ಅಲ್ಲಿ ಚೆನ್ನಾಗಿ ಓದಿದವನಿಗೆ ಆ ಕಚೇರಿಯಲ್ಲೇ ಕೆಲಸ. ನಾನು ತರಗತಿಗೆ ಮೊದಲಿಗ. ಹೋಗುವವನು ನಾನೇ ಎಂದು ಎಲ್ಲರೂ ತಿಳಿದಿದ್ದರು. ನನಗಂತೂ ಬೇರೆ ಏನೂ ಬೇಕಿರಲಿಲ್ಲ. ಮದುವೆ ಬೇಡ, ಮನೆ ಬೇಡ, ಅಪ್ಪನ ಅಂಗಡಿ ಬೇಡ. ಅದೊಂದು ಬೇಕಿತ್ತು.

ಒಂದು ಸಂಜೆ ನಮ್ಮ ಪ್ರೊಫೆಸರು ತಮ್ಮ ಮನೆಯ ಜಗಲಿಯಲ್ಲಿ ಕೂರಿಸಿ ಕಾಫಿ ಕೊಟ್ಟು, ಲೋಕಾಭಿರಾಮವಾಗಿ ಮಾತಾಡುತ್ತ, ಹುಟ್ಟಿದ್ದು ಎಲ್ಲಿ ಎಂದು ಕೇಳಿದರು. ಸಂಡೂರು, ನಮ್ಮವ್ವನ ತವರು ಎಂದೆ. ಅವರು ಕಪ್ಪು ಕೆಳಗಿಟ್ಟರು.

ಸಂಡೂರು ಸಂಸ್ಥಾನ. ಚಕ್ರವರ್ತಿಯ ರಕ್ಷಣೆ ಅದಕ್ಕಿದೆ, ಆದರೆ ಅದು ಚಕ್ರವರ್ತಿಯ ನೆಲವಲ್ಲ. ಅಲ್ಲಿ ಹುಟ್ಟಿದವನು ಹುಟ್ಟಿನಿಂದ ಬ್ರಿಟಿಷ್ ಪ್ರಜೆಯಲ್ಲ. ಜಿನೀವಾಕ್ಕೆ ಕಳಿಸುವುದು ಬ್ರಿಟಿಷ್ ಪ್ರಜೆಯನ್ನು ಮಾತ್ರ. ಇದೆಲ್ಲ ನನಗೆ ಬಾಯಿಪಾಠವಾಗಿತ್ತು, ಇದರ ಮೇಲೆ ದೊಡ್ಡ ಪ್ರಬಂಧ ಬರೆದು ಹೊಗಳಿಸಿಕೊಂಡವನೂ ನಾನೇ. ಅದು ನನಗೇ ತಗಲುವ ಮಾತು ಎಂದು ಮಾತ್ರ ಹೊಳೆದಿರಲಿಲ್ಲ. ಪ್ರೊಫೆಸರು ಧೈರ್ಯ ಹೇಳಿದರು. “ಅಪ್ಪ ಬ್ರಿಟಿಷ್ ನೆಲದಲ್ಲಿ ಹುಟ್ಟಿದ್ದರೆ ಅವನ ರಕ್ತದಿಂದ ಹಕ್ಕು ಬರುತ್ತದೆ. ನಿನ್ನ ತಂದೆ ಹೊಸಪೇಟೆಯವರಲ್ಲವೇ?” ಹೌದು, ಹೊಸಪೇಟೆಯವನೇ. ಆದರೆ ಅಪ್ಪನೂ ಚೊಚ್ಚಲ ಮಗ. ಅವನು ಹುಟ್ಟಿದ್ದು ಅವನ ತಾಯಿಯ ತವರಾದ ಆನೆಗೊಂದಿಯಲ್ಲಿ, ನಿಜಾಮರ ರಾಜ್ಯದಲ್ಲಿ.

ಪ್ರೊಫೆಸರು ತಮಿಳರು. ಹಾಗಾದರೆ ನಿಮ್ಮ ಮನೆಯ ಗಂಡಸರೆಲ್ಲ ಪರದೇಶಕ್ಕೆ ಹೋಗಿಯೇ ಹುಟ್ಟುತ್ತಾರೋ ಎಂದು ನಗಲು ನೋಡಿದರು, ನಗು ಬರಲಿಲ್ಲ. ಮೊದಲ ಹೆರಿಗೆ ತವರಿನಲ್ಲೇ ಆಗಬೇಕು ಎನ್ನುವುದನ್ನು ಅವರಿಗೆ ನಾನೇನು ಬಿಡಿಸಿ ಹೇಳಬೇಕಾಗಿರಲಿಲ್ಲ, ಅವರಲ್ಲೂ ಅದೇ ಪದ್ಧತಿ. ಅವರ ಹೆಂಡತಿಯ ತವರು ಮಾತ್ರ ಗಡಿಯ ಈಚೆಗಿತ್ತು. ಕೊನೆಗೆ ಅವರು ಬೀದಿಯ ಕಡೆ ನೋಡುತ್ತ, ಹೊಸಪೇಟೆಯಲ್ಲಿ ಹುಟ್ಟಿದವನೆಂದು ತಹಶೀಲ್ದಾರ ಕಚೇರಿಯಿಂದ ಬರೆಸಿ ತಂದರೆ ಸಾಕು, ಮದರಾಸಿನಲ್ಲಿ ಯಾರೂ ಕೆದಕುವುದಿಲ್ಲ ಎಂದರು.

ನನಗೆ ಏನೂ ಅನ್ನಿಸಲಿಲ್ಲ. ಸಿಟ್ಟು, ಭಯ, ದುಃಖ ಏನಾದರೂ ಬರಬೇಕಿತ್ತು. ಹಲ್ಲು ಕೀಳಿಸಿಕೊಂಡು ಬಂದಾಗ ದವಡೆ ಇರುತ್ತದಲ್ಲ, ಹಾಗಿತ್ತು. ಹಾಸ್ಟೆಲಿಗೆ ಬಂದು ಮಂಗಳೂರಿನ ಗೆಳೆಯನಿಗೆ ಹೇಳಿದೆ. ಅವನು, “ಎಂತ ಮಾರಾಯ, ಇಷ್ಟು ದಿನ ಒಬ್ಬ ಪರದೇಶಿಯ ಒಟ್ಟಿಗೆ ಊಟ ಮಾಡಿದೆನಾ ನಾನು!” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೂ ನಕ್ಕೆ. ಮರುದಿನ ರೈಲು ಹತ್ತಿದೆ. ಗುಂತಕಲ್ಲಿನಲ್ಲಿ ಗಾಡಿ ಬದಲಿಸಿದ್ದು, ಬಳ್ಳಾರಿಯಲ್ಲಿ ಯಾರೋ ಬಾಳೆಹಣ್ಣು ಕೊಟ್ಟಿದ್ದು ಬಿಟ್ಟರೆ ಆ ದಾರಿ ನೆನಪಿಲ್ಲ.

ಅಪ್ಪನಿಗೆ ಇದು ಒಂದು ಸಮಸ್ಯೆ ಅಂತಲೇ ಅನ್ನಿಸಲಿಲ್ಲ. “ಗುಡ್ಡದ ಆಚೆ ಹುಟ್ಟಿದ್ರ ಮನಷ್ಯಾ ಬ್ಯಾರೆ ಆಗ್ತಾನೇನು? ಇಲ್ಲೇ ಹುಟ್ಟ್ಯಾನ ಅಂದ್ರಾತು. ಯಾರ ಗಂಟು ಹೋಗ್ತೈತಿ?” ಎಂದ. ಕಚೇರಿಗೆ ಹೋಗಿ ಬಂದ. ವಿಚಾರಣೆಗೆ ರೆವಿನ್ಯೂ ಇನ್ಸ್‌ಪೆಕ್ಟರು ಮನೆಗೇ ಬರುತ್ತಾರೆ, ಓಣಿಯ ಇಬ್ಬರು ಹಿರಿಯರು ಸಾಕ್ಷಿ ಸಹಿ ಹಾಕುತ್ತಾರೆ, ಹೆತ್ತ ತಾಯಿಯನ್ನು ಒಂದು ಮಾತು ಕೇಳುತ್ತಾರೆ, ಮುಗಿಯಿತು. ಆ ಹಿರಿಯರಿಗೆ ನಾನು ಎಲ್ಲಿ ಹುಟ್ಟಿದೆ ಎಂಬುದರ ನೆನಪೂ ಇರಲಿಲ್ಲ, ಅಪ್ಪ ಹೇಳಿದ್ದನ್ನು ನಂಬಿದ್ದರು. ಅಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತು ಅವ್ವನಿಗೆ ಹೇಳಿದ. “ನೀ ಏನೂ ಮಾತಾಡೂದು ಬ್ಯಾಡ. ಹುಡುಗ ಇಲ್ಲೇ ಹುಟ್ಟಿದ್ದೇನ್ರಿ ಅಂತಾರ. ಹೂಂ ಅನ್ನು. ಅಷ್ಟ.” ಅವ್ವ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ತಲೆ ಎತ್ತಲಿಲ್ಲ.

ಇನ್ಸ್‌ಪೆಕ್ಟರು ಒಳ್ಳೆಯ ಮನುಷ್ಯ. ಪಡಸಾಲೆಯಲ್ಲಿ ಕುಳಿತು ಉಪ್ಪಿಟ್ಟು ತಿಂದು, ಕಾಫಿ ಕುಡಿದು, ನನ್ನ ಓದನ್ನು ಬಾಯಿತುಂಬ ಹೊಗಳಿದರು. ನಮ್ಮ ತಾಲೂಕಿನ ಹುಡುಗ ವಿಲಾಯತಿಗೆ ಹೋದರೆ ನಮಗೆಲ್ಲ ಹೆಮ್ಮೆ ಅಲ್ಲೇನ್ರಿ ಎಂದರು. ಹಿರಿಯರಿಬ್ಬರೂ ತಲೆದೂಗಿದರು. ಅವ್ವ ಬಾಗಿಲ ಮರೆಯಲ್ಲಿ ನಿಂತಿದ್ದಳು, ಅವಳ ಸೀರೆಯ ಅಂಚು ಮಾತ್ರ ಕಾಣುತ್ತಿತ್ತು.

“ಏನ್ರಿ ತಾಯಿ, ಹುಡುಗ ಈ ಮನ್ಯಾಗ ಹುಟ್ಟಿದ್ದಲ್ರಿ?”

ಒಳಗಿನಿಂದ “ಹೂಂ” ಎಂದು ಬಂತು. ಸಣ್ಣ ದನಿ, ಆದರೆ ಬಂತು. ಅಪ್ಪ ನೆಟ್ಟಗೆ ಕುಳಿತ. ಇನ್ಸ್‌ಪೆಕ್ಟರು ಬರೆಯತೊಡಗಿದರು. ಅಲ್ಲಿಗೆ ಎಲ್ಲ ಮುಗಿದಿತ್ತು. ಆದರೆ ಆ ಪುಣ್ಯಾತ್ಮ ಬರೆಯುತ್ತ ಬರೆಯುತ್ತ, ಮನೆಯವರ ಹಾಗೆ ಕನಿಕರಪಟ್ಟು ಕೇಳಿದರು.

“ಚೊಚ್ಚಲ ಹೆರಿಗಿ ಗಂಡನ ಮನ್ಯಾಗ ಆತೇನ್ರಿ? ಅಯ್ಯ, ಪಾಪ. ತವರಾಗ ಯಾರೂ ಇರಲಿಲ್ಲೇನು?”

ಸೀರೆಯ ಅಂಚು ಸರಿಯಿತು. ಅವ್ವ ಬಾಗಿಲಿನಿಂದ ಈಚೆಗೆ ಬಂದಳು. ಹೊರಗಿನ ಗಂಡಸರ ಮುಂದೆ ಅವಳು ಹಾಗೆ ಬಂದು ನಿಂತದ್ದನ್ನು ನಾನು ಅಂದೇ ಮೊದಲು ನೋಡಿದ್ದು.

“ಯಾಕ ಇರಲಿಲ್ಲ? ನಮ್ಮವ್ವ ಇದ್ಲು. ನನಗ ತವರಿಲ್ಲಂತ ಯಾರಂದ್ರು ನಿಮಗ? ಇವ ಸಂಡೂರಾಗ ಹುಟ್ಟ್ಯಾನ. ನಮ್ಮವ್ವನ ಕೈಯಾಗ ಹುಟ್ಟ್ಯಾನ. ದೊಡ್ಡ ಜ್ವರ ಬಂದು ಮನಿ ಮನಿಗೆ ಹೆಣ ಬೀಳಾಕತ್ತಿದ್ವು. ಸೂಲಗಿತ್ತಿ ಬರಾಕ ಒಲ್ಲೆ ಅಂದ್ಲು. ನಮ್ಮವ್ವ ಒಬ್ಬಾಕಿನ ಎಲ್ಲಾ ಮಾಡಿದ್ಲು. ಮೈಯಾಗ ಜ್ವರ ಇತ್ತು ಆಕಿಗೆ. ನನಗ ಹೇಳಲಿಲ್ಲ. ಮಾರಿಗೆ ಅರಿವಿ ಕಟ್ಟಿಕೊಂಡು ಕೂಸಿಗೆ ನೀರು ಎರೀತಿದ್ಲು. ಇವನ್ನ ತೊಟ್ಟಿಲಕ್ಕ ಹಾಕೂದ್ರಾಗ ಆಕಿ ಹೋದ್ಲು. ಹೇಳ್ರಿ, ತವರಾಗ ಯಾರೂ ಇರಲಿಲ್ಲ ಅಂತ ಬರಕೊಳ್ತೀರೇನು?”

ಇನ್ಸ್‌ಪೆಕ್ಟರು ಪೆನ್ನಿನ ಮುಚ್ಚಳ ಹಾಕಿದರು. ಅಪ್ಪ, “ಆಕಿ ಮಾತೇನ್ ಕೇಳ್ತೀರಿ, ಹೆಣ್ಮಗಳು, ತಲಿ ನೆಟ್ಟಗಿಲ್ಲ” ಎಂದು ಏನೇನೋ ಹೇಳಲು ಹೋದ. ಹಿರಿಯರಲ್ಲಿ ಒಬ್ಬರು, “ಹಂಗನಬ್ಯಾಡಪ್ಪ. ಕಿವ್ಯಾರ ಕೇಳೀವಿ. ಇನ್ನ ಸಹಿ ಹೆಂಗ ಹಾಕೂದು? ಮೈಮ್ಯಾಲ ಲಿಂಗ ಐತಿ” ಎಂದು ಎದ್ದರು. ಇನ್ನೊಬ್ಬರೂ ಅವರ ಹಿಂದೆ ಹೋದರು. ಇನ್ಸ್‌ಪೆಕ್ಟರು ನನ್ನ ಭುಜ ಮುಟ್ಟಿ, ತಾವು ಕೇಳಬಾರದಿತ್ತು ಎಂದರು. ಪರವಾಗಿಲ್ಲ ಸರ್ ಎಂದೆ. ನಿಜವಾಗಿಯೂ ಹಾಗೇ ಅನ್ನಿಸಿತ್ತು. ಹೊರಗೆ ಬಿಟ್ಟಿದ್ದ ಅವರ ಮೆಟ್ಟುಗಳಲ್ಲಿ ಒಂದು ಮಗುಚಿ ಬಿದ್ದಿತ್ತು. ಅದನ್ನು ಸರಿ ಮಾಡಿ ಇಟ್ಟೆ.

ಅಪ್ಪ ಮನೆ ಹಾರಿಹೋಗುವ ಹಾಗೆ ಕೂಗಾಡಿದ. ಅವ್ವನಿಗೆ ಅಂದದ್ದನ್ನೆಲ್ಲ ಇಲ್ಲಿ ಬರೆಯಲಾರೆ. ಆಮೇಲೆ ಊಟ ಬೇಡವೆಂದು ಅಂಗಡಿಗೆ ಹೋದ. ನಾನು ಉಂಡೆ. ಅಜ್ಜಿ ನಾನು ಕೂಸಾಗಿದ್ದಾಗ ಸತ್ತಳು ಎಂದಷ್ಟೇ ನನಗೆ ಗೊತ್ತಿತ್ತು, ಹೇಗೆ ಎಂದು ಗೊತ್ತಿರಲಿಲ್ಲ. ಆ ಸುದ್ದಿಯೂ ನನ್ನ ಒಳಗೆ ಎಲ್ಲೂ ತಾಗದೆ ಕೆಳಗಿಳಿಯಿತು. ಅವ್ವ ಎರಡನೆಯ ಸಲ ಅನ್ನ ಬಡಿಸುತ್ತ, “ತಪ್ಪಿ ಹೋತೇನೋ ನಿನ್ನ ಹೋಗೂದು?” ಎಂದು ಕೇಳಿದಳು. ಹೌದು ಎಂದೆ. ಮಜ್ಜಿಗೆ ಹಾಕು ಎಂದೆ.

ಜಿನೀವಾಕ್ಕೆ ಬೇರೆ ಒಬ್ಬ ಹೋದ. ನಾನು ಪರೀಕ್ಷೆ ಮುಗಿಸಿ, ಪಾಸಾಗಿ, ಊರಿಗೆ ಬಂದು ಹೈಸ್ಕೂಲಿನಲ್ಲಿ ಮಾಸ್ತರಿಕೆ ಹಿಡಿದೆ. ಸ್ವಲ್ಪ ಕಾಲಕ್ಕೇ ಯುದ್ಧ ಬಂತು, ಆ ಸಭೆಯ ಕಥೆ ಮುಗಿಯಿತು. ಒಳ್ಳೇದೇ ಆಯಿತು ಬಿಡು, ಹೋಗಿದ್ದರೆ ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತಿದ್ದೆ ಎಂದು ಸಮಾಧಾನ ಹೇಳಲು ಬಂದವರಿಗೆ ಲೆಕ್ಕವಿಲ್ಲ. ಥೂ, ಸಮಾಧಾನ ಬೇಕು ಎಂದು ಇವರನ್ನು ಕೇಳಿದವರಾರು? ಹಾಗೆ ಈಗ ಅನ್ನಿಸುತ್ತದೆ, ಇಷ್ಟು ವಯಸ್ಸಾದ ಮೇಲೆ. ಆಗ ಅದೂ ಅನ್ನಿಸಲಿಲ್ಲ. ಹೌದೌದು ಎನ್ನುತ್ತಿದ್ದೆ. ಮೊದಲು ಎಲ್ಲದಕ್ಕೂ ರೇಗುತ್ತಿದ್ದವನು ಎಷ್ಟು ತಣ್ಣಗಾಗಿದ್ದಾನೆ ನೋಡು ಎಂದು ಓಣಿಯವರು ಮೆಚ್ಚಿಕೊಂಡರು.

ಮೆಚ್ಚದವಳು ಅವ್ವ ಒಬ್ಬಳೇ. ಸಾರಿಗೆ ಉಪ್ಪು ಜಾಸ್ತಿ ಬೀಳತೊಡಗಿತು. ಮೊದಲು ನಾನು ಅದಕ್ಕೆ ತಟ್ಟೆ ಸರಿಸಿ ಎದ್ದುಹೋಗುತ್ತಿದ್ದವನು, ಈಗ ಸುಮ್ಮನೆ ಉಣ್ಣುತ್ತಿದ್ದೆ. ನನ್ನ ಅಂಗಿಯನ್ನು ಬಣ್ಣದ ಸೀರೆಯ ಜೊತೆ ನೆನೆಹಾಕಿದಳು. ಅದನ್ನೇ ತೊಟ್ಟು ಶಾಲೆಗೆ ಹೋದೆ. ಒಂದು ದಿನ ನನ್ನ ಫ್ರೆಂಚ್ ಪುಸ್ತಕದ ಹಾಳೆ ಹರಿದು ಒಲೆ ಹೊತ್ತಿಸಿದಳು, ನನ್ನ ಕಣ್ಣೆದುರಿಗೇ. ಹಾಳೆ ಹತ್ತಿಕೊಂಡಿತು. ನಾನು ಸ್ನಾನಕ್ಕೆ ನೀರು ಕಾದಿದೆಯೇ ಎಂದು ಕೇಳಿದೆ.

ಅವ್ವ ಕೈಯಲ್ಲಿದ್ದ ಊದುಗೊಳವೆ ಎಸೆದಳು.

“ಬೈಯೋ ನನ್ನ! ನಿಮ್ಮಪ್ಪ ಬೈದ, ಊರೆಲ್ಲ ಬೈತು. ನೀ ಯಾಕ ಸುಮ್ನದೀ? ನಿನ್ನಿಂದ ಕೆಟ್ಟೆ ಅನ್ನು. ನನ್ನ ಬಾಳು ಹಾಳ ಮಾಡಿದಿ ಅನ್ನು. ಒಂದು ಮಾತರ ಅನ್ನೋ!”

ನಾನು ಹುಡುಕಿದೆ. ಆಣೆ ಮಾಡಿ ಹೇಳುತ್ತೇನೆ, ಅವಳ ಸಲುವಾಗಿಯೇ ನನ್ನ ಒಳಗೆಲ್ಲ ಹುಡುಕಿ ನೋಡಿದೆ. ಒಂದು ಬೈಗುಳ ಸಿಕ್ಕಿದ್ದರೂ ಕೊಟ್ಟುಬಿಡುತ್ತಿದ್ದೆ. “ಸಿಟ್ಟಿಲ್ಲವ್ವ, ಖರೇನ ಏನೂ ಇಲ್ಲ” ಎಂದೆ.

ಅವಳು ಗೋಡೆಗೆ ಒರಗಿ ಕುಳಿತಳು. “ನಮ್ಮವ್ವನ್ನ ಉಳಿಸ್ಕೊಳ್ಳಾಕ ಹೋಗಿ ನಿನ್ನ ಕಳಕೊಂಡ್ನಲ್ಲೋ” ಎಂದಳು.

ನಾನು ಅವಳೆದುರಿಗೇ ಕುಳಿತಿದ್ದೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಎಲ್ಲಿಗೂ ಹೋಗಿರಲಿಲ್ಲ.