ಬಾಗಿಲಾಚೆ ಓಡಿದ ದಾರ

"ಇದರಾಗ ಹಿಮ್ಮಡ ಎಲ್ಲಿ ಇಡೂದ್ರಿ ಅಕ್ಕಾರ?"

ಸಂಜೆಯ ಬೊರಿವಲಿ ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ನಾನು ಹೆಣಿಗೆಯ ಕುಣಿಕೆಗಳನ್ನು ಕನ್ನಡದಲ್ಲಿ ಎಣಿಸುತ್ತಿದ್ದುದು ಎದುರಿನ ಹೆಂಗಸಿಗೆ ಕೇಳಿಸಿತ್ತು; ಹಾಗೆ ಕೇಳಿದ್ದು ಆಕೆಯೇ. ಮಗನ ಕಾಲುಚೀಲ ಮೂರನೇ ಸಲವೂ ನೆಟ್ಟಗೆ ಕೊಳವೆಯಂತೆ ಬೆಳೆದಿತ್ತು. ಆಕೆ ಸೂಜಿಗಳನ್ನು ತೆಗೆದುಕೊಂಡು, ಅರ್ಧ ಬಿಚ್ಚಿ, ಹೆಣೆಯತೊಡಗಿದರು. ಕೊಳವೆ ಹೇಗೆ ಬಾಗುತ್ತದೆಂದು ನಾನು ನೋಡುತ್ತಿರುವಾಗಲೇ ವಿಲೆ ಪಾರ್ಲೆ ನಿಲ್ದಾಣ ಬಂತು. ನೂಕುನುಗ್ಗಲಿನಲ್ಲಿ ಆಕೆ ಹೆಣಿಗೆಯ ಸಮೇತ ಇಳಿದುಬಿಟ್ಟರು. ದಾರದ ಉಂಡೆ ನನ್ನ ಚೀಲದಲ್ಲೇ ಇತ್ತು. ರೈಲು ಹೊರಟಾಗ ದಾರ ಬಾಗಿಲಾಚೆ ಓಡಿ, ಪಟ್ಟನೆ ತುಂಡಾಯಿತು.

ಮರುದಿನ ಅದೇ ಡಬ್ಬಿಯಲ್ಲಿ ಆಕೆ ಬಾಗಿದ ಹಿಮ್ಮಡಿಯನ್ನು ತೋರಿಸಿ, ಅಷ್ಟನ್ನೂ ಬಿಚ್ಚಿ ನನ್ನ ಕೈಗಿಟ್ಟರು. "ಈಗ ನೀವ ಹೆಣೀರಿ, ನಾ ನೋಡ್ತೀನಿ."

ಅಂದು ನಾನು ಹೆಣೆದ ಹಿಮ್ಮಡಿಯಲ್ಲಿ, ತುಂಡಾದ ದಾರ ಕೂಡಿಸಿದ ಗಂಟಿದೆ. ಅದು ಒತ್ತುತ್ತದೆ ಎಂದು ಮಗ ದೂರಿದಾಗ ಬೇರೆ ಜೊತೆಯನ್ನೇ ಹೆಣೆದುಕೊಟ್ಟೆ, ಗಂಟನ್ನು ಮಾತ್ರ ಬಿಚ್ಚಲಿಲ್ಲ.