ಮುನಿಯಕ್ಕ ಹಾಕಿದ ನೀರು

ನನ್ನ ಇಬ್ಬರು ಮಕ್ಕಳಿಗೂ ಮೊದಲು ನೀರು ಹಾಕಿದವಳು ಮುನಿಯಕ್ಕ. ನನಗೂ ಹಾಕಿದಳು. ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ವಿಜ್ಞಾನದ ಪಾಠ ಮಾಡಿದ ನಾನು ತುಟಿ ಪಿಟಕ್ಕೆನ್ನದೆ ಕೂತದ್ದು ಇವಳೊಬ್ಬಳ ಮುಂದೆ. ಬಗ್ಗು ಅಂದರೆ ಬಗ್ಗಬೇಕು, ಕಣ್ಣು ಮುಚ್ಚು ಅಂದರೆ ಮುಚ್ಚಬೇಕು. ಚಾಮರಾಜಪೇಟೆಯ ನಮ್ಮ ರಸ್ತೆಯಲ್ಲಿ ನಲವತ್ತು ವರ್ಷಗಳಲ್ಲಿ ಹುಟ್ಟಿದ ಕೂಸುಗಳಲ್ಲಿ ಅರ್ಧಕ್ಕರ್ಧ ಅವಳ ಚಾಚಿದ ಕಾಲುಗಳ ಮೇಲೆ ಬೋರಲು ಮಲಗಿ ಅತ್ತಂಥವೇ. ಅವುಗಳಲ್ಲಿ ಕೆಲವು ಈಗ ಗಡ್ಡ ಬಿಟ್ಟುಕೊಂಡು ಕಾರು ಓಡಿಸುತ್ತವೆ. ಅವಳು ರಸ್ತೆ ದಾಟುವಾಗ ಹಾರ್ನ್ ಹೊಡೆಯುವುದನ್ನು ಮಾತ್ರ ಕಲಿತಿವೆ.

ರಾಯಪುರದ ಒಂದು ವಠಾರದಲ್ಲಿ ಅವಳ ಮನೆ. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಹೆರದ ಹೆಂಗಸು ಬಾಣಂತಿಯ ಮೈ ಮುಟ್ಟಬಾರದು ಎಂದು ಮೂಗು ಮುರಿದವರೂ ಉಂಟು. ಆದರೆ ಅವಳ ಕೈಗುಣ ಗೊತ್ತಾದ ಮೇಲೆ ಅವರೇ ಹೆಣ್ಣುಮಕ್ಕಳ ಏಳನೇ ತಿಂಗಳಿಗೇ ಅವಳಿಗೆ ಹೇಳಿಕಳಿಸುತ್ತಿದ್ದರು. ಮೊಣಕೈಯನ್ನು ನೀರಿಗೆ ಅದ್ದಿ ಬಿಸಿ ನೋಡುತ್ತಿದ್ದಳು, ಬೆರಳನ್ನು ಎಂದೂ ನಂಬಲಿಲ್ಲ. ಎಷ್ಟೋ ಮನೆಗಳಲ್ಲಿ ಅಡುಗೆಮನೆಯ ಹೊಸ್ತಿಲ ಒಳಗೆ ಅವಳನ್ನು ಬಿಟ್ಟುಕೊಳ್ಳುತ್ತಿರಲಿಲ್ಲ. ಬಚ್ಚಲಲ್ಲಿ ಮಾತ್ರ ಅವಳದೇ ದರ್ಬಾರು. ಈ ವ್ಯವಸ್ಥೆಯನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ, ಅವಳಿಗೆ ಉರಿಯುತ್ತಿರಲಿಲ್ಲ.

ಅವಳ ಚೀಲದಲ್ಲಿ ಒಂದು ಹಸಿರು ಚೌಕಳಿ ಬಟ್ಟೆ ಇರುತ್ತಿತ್ತು. ಅವಳ ಅತ್ತೆಯ ಹಳೆ ಸೀರೆಯ ಅರ್ಧ, ದಪ್ಪಕ್ಕೆ ಮಡಿಸಿದ್ದು. ಬಚ್ಚಲಿಗೆ ಹೋದವಳೇ ಮೊದಲು ಸ್ಟೂಲು ಹತ್ತಿ ಆ ಬಟ್ಟೆಯನ್ನು ಗವಾಕ್ಷಿಗೆ ತುರುಕುವಳು. ಬಾಣಂತಿಗೆ ಗಾಳಿ ಸೋಕಬಾರದು, ಸೋಕಿದರೆ ಸನ್ನಿ. ನೀರು ಹಾಕಿ ಮುಗಿದ ಕೂಡಲೇ ಬಟ್ಟೆ ಕಿತ್ತು ಚೀಲಕ್ಕೆ ಹಾಕಿಕೊಳ್ಳುವಳು. ಈ ಕೆಲಸವನ್ನೂ ಈ ಬಟ್ಟೆಯನ್ನೂ ಅವಳಿಗೆ ಕೊಟ್ಟು ಹೋದವಳು ಅತ್ತೆಯೇ.

ಹಂಡೆಯ ಕಾಲದಲ್ಲಿ ಇದರಿಂದ ಯಾರಿಗೂ ಕೇಡಾಗಲಿಲ್ಲ. ನಮ್ಮ ಕಡೆಯ ಹಳೆ ಮನೆಗಳಲ್ಲಿ ತಾಮ್ರದ ಹಂಡೆ ಬಚ್ಚಲೊಳಗೆ ಹೂತಿರುತ್ತಿತ್ತು, ಒಲೆಯ ಬಾಯಿ ಹಿತ್ತಲಿಗೆ ಇರುತ್ತಿತ್ತು, ಹೊಗೆಯೆಲ್ಲ ಕೊಳವೆಯಲ್ಲಿ ಮೇಲೆ ಹೋಗುತ್ತಿತ್ತು. ಆಮೇಲೆ ಗೋಡೆಗೆ ಕರೆಂಟಿನ ಗೀಸರ್ ಬಂತು. ಅದಕ್ಕೆ ಉರಿಯೇ ಇಲ್ಲ. ಆಮೇಲೆ ಎಲ್ಲರ ತಾರಸಿಗೂ ಸೋಲಾರ್ ಬಂತು. ಹಂಡೆಗಳೆಲ್ಲ ಗುಜರಿಗೆ ಹೋದವು. ಮುನಿಯಕ್ಕ ಇದಾವುದನ್ನೂ ತಲೆಗೆ ಹಚ್ಚಿಕೊಳ್ಳಲಿಲ್ಲ. ನೀರು ಎಲ್ಲಿಂದ ಬಂದರೇನು, ಮೊಣಕೈಗೆ ಸರಿ ಎನ್ನಿಸಿದರೆ ಸಾಕಾಗಿತ್ತು.

ನನ್ನ ಎದುರು ಮನೆಯ ನಂಜುಂಡಯ್ಯನವರಿಗೆ ನಗರ್ತಪೇಟೆಯಲ್ಲಿ ಜರಿ ಅಂಗಡಿ. ಅವರ ತಂದೆಯ ಕಾಲದ್ದು. ಅವರ ಪಕ್ಕದ ಸೈಟಿನಲ್ಲಿ ಐದಂತಸ್ತಿನ ಕಟ್ಟಡ ಎದ್ದಿತು, ಅವರ ಸೋಲಾರ್ ಪೂರ್ತಿ ನೆರಳಿಗೆ ಬಿತ್ತು. ಆಷಾಢದ ಮೋಡ ಬೇರೆ. ಮಗಳು ಶಿವರಂಜಿನಿ ಹೆರಿಗೆಗೆ ಬರುವವಳಿದ್ದಳು. ಬಾಣಂತನಕ್ಕೆ ದಿನಾ ಕೊಡಗಟ್ಟಲೆ ಬಿಸಿನೀರು ಬೇಕು, ಕರೆಂಟಿನ ಗೀಸರ್ ಸಾಲದು. ಏನು ಮಾಡೋಣ ಟೀಚರ್ ಎಂದು ನನ್ನನ್ನೇ ಕೇಳಿದರು. ಗ್ಯಾಸ್ ಗೀಸರ್ ಹಾಕಿಸಿ, ಕರೆಂಟೂ ಉಳಿಯುತ್ತದೆ, ಬೇಕಾದಷ್ಟು ನೀರೂ ಬರುತ್ತದೆ ಎಂದೆ. ನಮ್ಮ ಮನೆಯಲ್ಲಿ ಅದೇ ಇತ್ತು. ನಮ್ಮದು ಹೊರಗಿನ ಗೋಡೆಗಿದೆ ಎನ್ನುವುದನ್ನು ಹೇಳಲು ನನಗೆ ತೋಚಲಿಲ್ಲ. ಈ ಕತೆಯಲ್ಲಿ ಯಾರನ್ನಾದರೂ ಬೈಯುವ ಮೊದಲು ನನ್ನನ್ನು ನಾನು ಬೈದುಕೊಳ್ಳಬೇಕು.

ಗೀಸರ್ ಹಾಕಿದವನು ಸುಲ್ತಾನ್‌ಪೇಟೆಯ ಫಿಟ್ಟರ್ ಮುರುಗೇಶ. ಮೂವತ್ತೈದರ ಆಸುಪಾಸಿನವನು, ಮಾತು ಕಡಿಮೆ. ಹೊರಗಡೆ ಹಾಕೋಣ ಎಂದು ಅವನು ಹೇಳಿದ್ದ. ಹೊಸ ಟೈಲ್ಸ್ ಕೊರೆಯಬೇಕಾಗುತ್ತದೆ ಎಂದು ನಂಜುಂಡಯ್ಯ ಒಪ್ಪಲಿಲ್ಲ. ಹಾಗಾದರೆ ಗವಾಕ್ಷಿ ಯಾವಾಗಲೂ ತೆರೆದಿರಲಿ ಎಂದು ಎರಡು ಸಲ ಹೇಳಿ, ಒಳಗೇ ಹಾಕಿ ಹೋದ. ಹಾಕದೆ ವಾಪಸ್ಸು ಹೋಗಬಹುದಿತ್ತು, ಹೋಗಲಿಲ್ಲ. ಅವನದು ತಪ್ಪೇ ಇಲ್ಲ ಎಂದು ನಾನು ಹೇಳಲಾರೆ. ನಂಜುಂಡಯ್ಯನವರು ತಲೆಯಾಡಿಸಿ ಅಂಗಡಿಗೆ ಹೋದರು. ಬಾಣಂತನ ಹೆಂಗಸರ ಕಾರುಬಾರು ಎಂದು ಆ ಮಾತನ್ನು ಮನೆಯೊಳಗೆ ಯಾರಿಗೂ ದಾಟಿಸಲಿಲ್ಲ. ಗೀಸರಿನ ಮೇಲೆ ಎಚ್ಚರಿಕೆಯ ಚೀಟಿಯಿತ್ತು, ಇಂಗ್ಲಿಷಿನಲ್ಲಿ. ಮುನಿಯಕ್ಕನಿಗೆ ಕನ್ನಡವನ್ನೂ ಓದಲು ಬರುತ್ತಿರಲಿಲ್ಲ.

ಶ್ರಾವಣದಲ್ಲಿ ಹೆಣ್ಣು ಮಗು ಹುಟ್ಟಿತು. ಹನ್ನೊಂದನೇ ದಿನದಿಂದ ಮುನಿಯಕ್ಕ ನೀರಿಗೆ ಬಂದಳು. ಆ ಮನೆಯಲ್ಲಿ ನೀರು ಹಾಕಿ ಬಂದರೆ ತಲೆ ಸಿಡಿಯುತ್ತದೆ ಎಂದು ಒಂದೆರಡು ಸಲ ನನ್ನ ಹತ್ತಿರ ಹೇಳಿದಳು. ವಯಸ್ಸಾಯಿತು, ಮನೆಗಳನ್ನು ಕಡಿಮೆ ಮಾಡು ಎಂದೆ. ವಿಜ್ಞಾನದ ಟೀಚರು!

ಹತ್ತೊಂಬತ್ತನೇ ದಿನ ಬೆಳಿಗ್ಗೆ ಮಗುವಿಗೆ ನೀರು ಹಾಕಿ, ಅಜ್ಜಿ ದಾಕ್ಷಾಯಣಮ್ಮನ ಕೈಗೆ ಕೊಟ್ಟಳು. ಆಮೇಲೆ ತಾಯಿಗೆ ಎಣ್ಣೆ ತಿಕ್ಕಿ ನೀರು ಹಾಕಿದಳು. ಕೊನೆಗೆ ಸಾಂಬ್ರಾಣಿಗೆ ಕೆಂಡ ತರಲು ಹಿತ್ತಲಿಗೆ ಹೋದಳು. ಶಿವರಂಜಿನಿ, ಬೆನ್ನಿಗೆ ಇನ್ನಷ್ಟು ಬಿಸಿನೀರು ಹಾಕಿಕೊಳ್ಳುತ್ತೇನೆಂದು ನಲ್ಲಿ ಬಿಟ್ಟುಕೊಂಡು ಒಳಗೇ ಕೂತಳು. ಇದ್ದಿಲು ಒದ್ದೆಯಾಗಿತ್ತು, ಕೆಂಡವಾಗಲು ಹತ್ತು ನಿಮಿಷಕ್ಕಿಂತ ಹೆಚ್ಚೇ ಹಿಡಿಯಿತು. ಬಂದು ಬಾಗಿಲು ತೆರೆದಾಗ ಹುಡುಗಿ ಗೋಡೆಗೆ ಒರಗಿದ ಹಾಗೆಯೇ ಕುಸಿದಿದ್ದಳು. ನಲ್ಲಿ ಹರಿಯುತ್ತಲೇ ಇತ್ತು. ಮುನಿಯಕ್ಕ ಅವಳನ್ನು ಹಜಾರಕ್ಕೆ ಎಳೆದು ಮಲಗಿಸಿ, ಕೂಗಿ ಜನ ಸೇರಿಸಿದಳು. ಆ ಗಲಾಟೆಯ ನಡುವೆಯೇ ನಲವತ್ತು ವರ್ಷದ ಅಭ್ಯಾಸದಂತೆ ಅವಳ ಕೈ ಗವಾಕ್ಷಿಯ ಬಟ್ಟೆ ಕಿತ್ತು ಚೀಲಕ್ಕೆ ಹಾಕಿತು. ಏನನ್ನೋ ಬಚ್ಚಿಡಲು ಮಾಡಿದ್ದಲ್ಲ. ನೀರು ಮುಗಿದ ಮೇಲೆ ಬಟ್ಟೆ ತೆಗೆಯಬೇಕು, ತೆಗೆದಳು.

ಆಸ್ಪತ್ರೆಗೆ ಹೋಗುವಷ್ಟರಲ್ಲಿ ಶಿವರಂಜಿನಿ ಉಳಿದಿರಲಿಲ್ಲ. ಇಪ್ಪತ್ತೇಳು ವರ್ಷ. ನನ್ನ ಕೈಯಲ್ಲೇ ಎಂಟನೇ ಕ್ಲಾಸಿನಿಂದ ಓದಿದವಳು.

ಪೊಲೀಸರು ಬಂದಾಗ ಗವಾಕ್ಷಿ ತೆರೆದಿತ್ತು. ಯಾವಾಗಲೂ ಹೀಗೇ ಇರುತ್ತಿತ್ತಾ ಎಂದು ಕೇಳಿದರು. ಹೌದು ಎಂದರು ದಾಕ್ಷಾಯಣಮ್ಮ. ನಂಜುಂಡಯ್ಯನವರೂ ಹೌದೆಂದರು, ಅವರು ಕಣ್ಣೆತ್ತಿ ನೋಡಿದ್ದೇ ಇಲ್ಲ. ಗಾಳಿಗೆ ದಾರಿಯಿದ್ದರೂ ಹೀಗಾಗಿದೆ ಅಂದ ಮೇಲೆ ಗೀಸರ್ ಜೋಡಿಸಿದ್ದರಲ್ಲೇ ದೋಷ ಇದೆ ಎಂದಾಯಿತು. ಮುರುಗೇಶನನ್ನು ಹಿಡಿದುಕೊಂಡು ಹೋದರು. ಮುಚ್ಚಿರಲೇಬೇಕು ಸಾರ್ ಎಂದು ಅವನು ಬಡಕೊಂಡದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹದಿನಾರು ದಿನ ಒಳಗಿದ್ದು ಜಾಮೀನಿನ ಮೇಲೆ ಬಂದ. ಅಷ್ಟರಲ್ಲಿ ಪೇಟೆಯಲ್ಲೆಲ್ಲ ಅವನ ಹೆಸರು ಕೆಟ್ಟಿತ್ತು, ಯಾವ ಮನೆಯವರೂ ಅವನಿಂದ ಒಂದು ನಲ್ಲಿ ಕೂಡ ರಿಪೇರಿ ಮಾಡಿಸಲಿಲ್ಲ.

ಅಳಿಯ ಶಶಿಕಿರಣ್ ಮಲ್ಲೇಶ್ವರಂನವನು. ಹೆಂಡತಿ ಸತ್ತದ್ದು ಈ ಮನೆಯಲ್ಲಿ, ಮಗುವನ್ನೂ ಇಲ್ಲಿ ಬಿಡಲಾರೆ ಎಂದು ಕೂತ. ತಪ್ಪು ಫಿಟ್ಟರನದು, ನಮ್ಮದಲ್ಲ ಎಂದು ಹಿರಿಯರು ಕೂತು ಮಾತಾಡಿದ ಮೇಲೆ ಮಗು ಅಜ್ಜಿಯ ಹತ್ತಿರ ಉಳಿಯಿತು. ಮಾನ್ಯ ಎಂದು ಹೆಸರಿಟ್ಟರು. ಅದಕ್ಕೆ ನೀರು ಹಾಕಲು ಮುನಿಯಕ್ಕನೇ ಬರುತ್ತಿದ್ದಳು, ಅದೇ ಬಚ್ಚಲಿಗೆ. ಕಿತ್ತೆಸೆದ ಗೀಸರಿನ ಮೊಳೆಯ ತೂತುಗಳ ಕೆಳಗೆ ಕೂತು, ತಾಯಿಯಿಲ್ಲದ ಮಗುವನ್ನು ಕಾಲ ಮೇಲೆ ಹಾಕಿಕೊಂಡು, ನೀರೂ ಕಣ್ಣೀರೂ ಒಟ್ಟಿಗೇ ಸುರಿಸುತ್ತಿದ್ದಳು.

ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ ಮುನಿಯಕ್ಕ ನಮ್ಮ ಮನೆಗೆ ಬಂದಳು. ಗ್ಯಾಸಿನ ವಾಸನೆಯೇ ಬರಲಿಲ್ಲವಲ್ಲ, ಮತ್ತೆ ಹುಡುಗಿ ಹೇಗೆ ಸತ್ತಳು ಎಂದು ಕೇಳಿದಳು. ನಾನು ಪಾಠ ಶುರು ಮಾಡಿದೆ. ಉರಿಗೂ ಗಾಳಿ ಬೇಕು, ಸಣ್ಣ ಕೋಣೆಯಲ್ಲಿ ಗಾಳಿ ಸಾಲದೆ ಹೋದರೆ ಅದು ಒಂದು ವಿಷ ಉಗುಳುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗವಾಕ್ಷಿ ಮುಚ್ಚಿದ್ದರೆ ಹಾಗಾಗುವುದು ಹೆಚ್ಚು, ಅಲ್ಲಿ ತೆರೆದಿತ್ತು, ಅದಕ್ಕೇ ಮುರುಗೇಶನ ಮೇಲೆ ಕೇಸು ಎಂದೆ.

ಅವಳು ಚೀಲದಿಂದ ಆ ಹಸಿರು ಬಟ್ಟೆ ತೆಗೆದು ನನ್ನ ಮೇಜಿನ ಮೇಲಿಟ್ಟಳು.

"ಇದು ಇತ್ತಲ್ಲಮ್ಮ ಅಲ್ಲಿ" ಎಂದಳು.

ನನ್ನ ಬಾಣಂತನದಲ್ಲೂ ಅದೇ ಬಟ್ಟೆ ನನ್ನ ತಲೆಯ ಮೇಲಿನ ಗವಾಕ್ಷಿಯಲ್ಲಿತ್ತು. ಹಾಗಿದ್ದೂ ಈ ಎರಡು ತಿಂಗಳು ನನಗದು ಹೊಳೆಯಲಿಲ್ಲ. ಮೊದಲು ನನ್ನ ಬಾಯಿಗೆ ಬಂದದ್ದು ಒಳ್ಳೆಯ ಮಾತಲ್ಲ. ಯಾರಿಗೂ ಹೇಳಬೇಡ, ಹೋದ ಜೀವ ಬರುವುದಿಲ್ಲ, ಈ ವಯಸ್ಸಿನಲ್ಲಿ ಠಾಣೆ ಕಟ್ಟೆ ಹತ್ತಬೇಡ, ಆ ಮಗುವಿಗೆ ನೀರು ಹಾಕುವುದೂ ನಿನಗೆ ತಪ್ಪುತ್ತದೆ ಎಂದೆ. ಅವಳು ಬಟ್ಟೆಯನ್ನು ಮತ್ತೆ ಮಡಿಸಿದಳು. ಆಮೇಲೆ ಹೇಳಿದಳು: "ಆ ಹುಡುಗ ಮುಚ್ಬೇಡಿ ಅಂದಿದ್ನಂತೆ. ನಾನ್ ಮುಚ್ದೆ. ಅವ್ನು ಯಾಕಮ್ಮ ಮತ್ತೆ ಒಳಗೆ ಕೂರ್ಬೇಕು?"

ಮಾರನೆಯ ದಿನ ಠಾಣೆಗೆ ನಾನೇ ಕರೆದುಕೊಂಡು ಹೋದೆ, ಅವಳ ಹೇಳಿಕೆಯನ್ನು ನಾನೇ ಬರೆದೆ. ಬಟ್ಟೆಯ ವಿಷಯ ಪೂರ್ತಿ ಹೇಳಿದಳು. ಇನ್ನೇನಾದರೂ ಇದೆಯಾ ಎಂದು ಇನ್‌ಸ್ಪೆಕ್ಟರ್ ಕೇಳಿದರು. ಇಲ್ಲ, ಬಟ್ಟೆ ಒಂದೇ, ಮನೆಯವರಿಗೆ ಯಾರಿಗೂ ಅದು ಗೊತ್ತಿರಲಿಲ್ಲ ಎಂದಳು. ಬಾಣಂತನ ಮಾಡಿಸಿದ ತಾಯಿಗೆ ಗೊತ್ತಿಲ್ಲದೆ ಹೋಗುತ್ತದೆಯೇ ಎಂದು ನನಗೆ ಅನ್ನಿಸಿತು. ಆದರೂ ಬರೆದೆ. ಹೆಬ್ಬೆಟ್ಟು ಒತ್ತಿದಳು. ಅತ್ತೆಯ ಸೀರೆಯನ್ನು ಒಂದು ಕವರಿಗೆ ಹಾಕಿ ಅರಗಿನ ಮುದ್ರೆ ಒತ್ತಿ ಇಟ್ಟುಕೊಂಡರು.

ಮುರುಗೇಶನ ಮೇಲಿನ ಕೇಸು ಮೆಲ್ಲಗೆ ಸಡಿಲವಾಗಿ ಕೊನೆಗೆ ಬಿದ್ದುಹೋಯಿತು. ಅವಳನ್ನು ಜೈಲಿಗೇನೂ ಹಾಕಲಿಲ್ಲ, ಕೋರ್ಟಿಗೆ ಓಡಾಡಿಸಿದರು. ದಾಕ್ಷಾಯಣಮ್ಮ ಮಾರನೆಯ ದಿನವೇ ಇನ್ನು ಬರಬೇಡ ಎಂದು ಹೇಳಿಕಳಿಸಿದರು. ಸುದ್ದಿ ಹಬ್ಬಿದ ಮೇಲೆ ಬೇರೆ ಯಾವ ಮನೆಯ ಬಾಗಿಲೂ ಅವಳಿಗೆ ತೆರೆಯಲಿಲ್ಲ. ಬಾಣಂತಿ ಕೊಂದವಳು ಎಂದೇ ಜನ ಅಂದರು. ಅದೇ ಹೊತ್ತಿಗೆ ಗ್ಯಾಸ್ ಗೀಸರ್ ಇದ್ದವರೆಲ್ಲ ಅದನ್ನು ಕಿತ್ತು, ತಾರಸಿಗೆ ಹೀಟ್ ಪಂಪ್ ಹಾಕಿಸಿಕೊಂಡರು. ಗಾಳಿಯ ಬಿಸಿಯನ್ನೇ ಹೀರಿ ನೀರು ಕಾಯಿಸುವ ಯಂತ್ರ, ಕರೆಂಟು ಕಾಲು ಭಾಗ ಸಾಕು, ಉರಿ ಇಲ್ಲ, ವಿಷ ಇಲ್ಲ. ನಾನೂ ಹಾಕಿಸಿದೆ. ಇಡೀ ರಸ್ತೆ ಜಾಣವಾಯಿತು, ಅದಕ್ಕೆ ಬೆಲೆ ತೆತ್ತವರು ಇಬ್ಬರು ಹೆಂಗಸರು.

ಕೆಲಸವಿಲ್ಲದ ಮುನಿಯಕ್ಕ ಎರಡು ವರ್ಷಕ್ಕೂ ಹೆಚ್ಚು ಬದುಕಿದಳು. ಬೆಳಿಗ್ಗೆ ಒಂಬತ್ತಕ್ಕೆ ವಠಾರದ ಜಗಲಿಯ ಮೇಲೆ ಕಾಲು ಚಾಚಿ ಕೂರುತ್ತಿದ್ದಳು. ಅದು ನೀರಿನ ಹೊತ್ತು. ಹೋದ ಮಾಘದಲ್ಲಿ ತೀರಿಕೊಂಡಳು.

ನಾನು ಹೋದಾಗ ವಠಾರದ ಅಂಗಳದಲ್ಲಿ ಮೂರು ಇಟ್ಟಿಗೆ ಇಟ್ಟು, ಸೌದೆ ಉರಿ ಹಾಕಿ, ಹೆಣ ಮೀಯಿಸಲು ಒಂದು ಹಳೆ ಹಂಡೆಯಲ್ಲಿ ನೀರು ಕಾಯಿಸುತ್ತಿದ್ದರು. ಸೀರೆಗಳ ಮರೆ ಕಟ್ಟಿದ್ದರು. ನಾಲ್ಕು ಜನ ನೆರೆಹೊರೆಯವರು ಬಿಟ್ಟರೆ ಯಾರೂ ಇರಲಿಲ್ಲ. ಅಷ್ಟರಲ್ಲಿ ದಾಕ್ಷಾಯಣಮ್ಮ ಬಂದರು, ಮೊಮ್ಮಗಳ ಕೈ ಹಿಡಿದುಕೊಂಡು. ಯಾರನ್ನೂ ಕೇಳದೆ ಮಗುವನ್ನು ಗೋಡೆಯ ಪಕ್ಕ ನಿಲ್ಲಿಸಿ, ಸೆರಗು ಸಿಕ್ಕಿಸಿ, ಚೊಂಬು ಕೈಗೆತ್ತಿಕೊಂಡರು. ನೀರಿಗೆ ಮೊಣಕೈ ಅದ್ದಿ ನೋಡಿದರು. ಸ್ವಲ್ಪ ತಣ್ಣೀರು ಬೆರೆಸಿದರು. ಆ ಮನೆತನದ ಹೆಂಗಸು ಮುನಿಯಕ್ಕನ ಮೈ ಮುಟ್ಟಿದ್ದು ಅದೇ ಮೊದಲು.

ಎರಡು ಚೊಂಬು ಹಾಕಿದ ಮೇಲೆ ತಲೆ ಎತ್ತದೆ ಹೇಳಿದರು: "ಅವತ್ತು ಇವಳು ಕೆಂಡಕ್ಕೆ ಹೋದಾಗ, ಗಾಳಿ ನುಗ್ದೆ ಇರ್ಲಿ ಅಂತ ಬಚ್ಚಲ ಬಾಗಿಲ ಸಂದಿಗೆ ಚಾಪೆ ಒತ್ತಿದ್ದು ನಾನು, ಟೀಚರ್. ಬಟ್ಟೆನೂ ಗೊತ್ತಿತ್ತು. ಆ ಚಾಪೆನ ಕಾಲಲ್ಲಿ ಸರಿಸಿ ಇವಳು ಒಳಗೆ ಹೋಗಿದ್ಲು. ಅದನ್ನ ಇವಳು ಎಲ್ಲೂ ಹೇಳ್ಲಿಲ್ಲ. ಹೇಳಿದ್ರೆ ಮಾನ್ಯನ ಅವರಪ್ಪ ಕರ್ಕೊಂಡ್ ಹೋಗ್ತಿದ್ರು."

ನನಗೆ ಅವರ ಕೆನ್ನೆಗೆ ಬಾರಿಸಬೇಕು ಎನ್ನಿಸಿತು, ನಿಜವಾಗಿ. ಎರಡು ವರ್ಷ ಆ ಮುದುಕಿ ಜಗಲಿಯ ಮೇಲೆ ಒಬ್ಬಳೇ ಕೂತಿದ್ದಳು. ಆದರೆ ಅವರ ಚೊಂಬಿನ ನೀರೆಲ್ಲ ಪಕ್ಕಕ್ಕೆ ಚೆಲ್ಲುತ್ತಿತ್ತು. ಬೇರೆ ಯಾರೂ ಮುಂದೆ ಬರಲಿಲ್ಲ, ಚೊಂಬನ್ನು ನಾನು ತೆಗೆದುಕೊಂಡೆ.

ಮಗು ಮರೆಯ ಸೀರೆ ಸರಿಸಿ ಇಣುಕಿತು. "ಅಜ್ಜಿ, ಯಾರು ಇವ್ರು?" ಎಂದು ಕೇಳಿತು.

"ನಿನಗೆ ನೀರು ಹಾಕ್ತಿದ್ದೋರು ಪುಟ್ಟಿ" ಎಂದು ನಾನು ಹೇಳಿದೆ, ಹಂಡೆಯಲ್ಲಿ ಉಳಿದಿದ್ದ ನೀರನ್ನು ಮುನಿಯಕ್ಕನ ಕಾಲುಗಳ ಮೇಲೆ ಹಾಕಿದೆ.